ಗೊಬ್ಬರದ ಬುಟ್ಟಿಯ ಪುಣ್ಯ

ಭಾನುವಾರ ಬಂಧುಗಳೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಆ ಮನೆಯ ಯಜಮಾನರು ಬಾಲ್ಕನಿಯಲ್ಲಿದ್ದ ಗೊಬ್ಬರದ ಬುಟ್ಟಿಯ ಮುಚ್ಚಳ ತೆಗೆದು, ಫ್ರಿಜ್‌ನಿಂದ ತಂದ ಬದನೆಕಾಯಿ ಹುಳಿಯನ್ನೂ ಗಟ್ಟಿಯಾಗಿದ್ದ ಅನ್ನವನ್ನೂ ಅದಕ್ಕೆ ಸುರಿದು, ಮೇಲೊಂದು ಹಿಡಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉದುರಿಸಿ, “ನೋಡಿ, ನಮ್ಮಲ್ಲಿ ಏನೂ ವ್ಯರ್ಥವಾಗುವುದಿಲ್ಲ” ಎಂದರು. ನನ್ನ ಸಿಡುಕು ಬಲ್ಲ ನಿಮಗೆ ನಾನು ಸುಮ್ಮನಿದ್ದೆನೆಂದರೆ ನಂಬಿಕೆ ಬರಲಾರದು. ಊಟ ಇನ್ನೂ ಬಡಿಸಿರಲಿಲ್ಲವೆಂಬುದೇ ಅದಕ್ಕೆ ಕಾರಣ.

ಸಿಪ್ಪೆ, ತೊಟ್ಟು, ಕಾಫಿಯ ಚರಟ ಗೊಬ್ಬರಕ್ಕೇ ಹೋಗಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಒಗ್ಗರಣೆ ಹಾಕಿದ ಹುಳಿಯನ್ನು ಗಿಡಕ್ಕೆ ಉಣಿಸಿ ಪುಣ್ಯ ಕಟ್ಟಿಕೊಳ್ಳುವ ಈ ನಿರಾಳತೆಯೇ ಅಪಾಯ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಸೆದ ಆಹಾರದಿಂದಾಗುವ ಹಾನಿಯನ್ನು ಓದಿದವರು ತಟ್ಟೆಯಲ್ಲಿ ಕಡಿಮೆ ಬಿಟ್ಟರು; ಬಿಟ್ಟದ್ದು ಗೊಬ್ಬರವಾಗುತ್ತದೆ ಎಂದು ತಿಳಿದವರ ಮೇಲೆ ಮಾತ್ರ ಆ ಬುದ್ಧಿಮಾತು ನಾಟಲೇ ಇಲ್ಲ.

ಬಿಸಿ ಹುಳಿಯನ್ನು ಎಸೆಯಲು ಯಾರಿಗೂ ಕೈ ಬಾರದು. ಆದ್ದರಿಂದ ಅದನ್ನು ಚಿಕ್ಕ ಸ್ಟೀಲ್ ಡಬ್ಬಿಗೆ ಬಗ್ಗಿಸಿ, ಮೊಸರಿನ ಪಾತ್ರೆಯ ಹಿಂದಕ್ಕೆ ತಳ್ಳಿ, ನಾಲ್ಕು ದಿನ ಮರೆತು, ಕೊನೆಗೊಮ್ಮೆ ಮುಚ್ಚಳ ತೆಗೆದು ಮೂಸಿ ಮುಖ ಕಿವುಚುತ್ತೇವೆ. ಫ್ರಿಜ್ ವಾಯಿದೆಯ ಮೇಲೆ ವಾಯಿದೆ ಕೊಡುವ ನ್ಯಾಯಾಲಯವಿದ್ದಂತೆ: ಎಸೆಯಬೇಕೆಂಬ ತೀರ್ಪನ್ನು ನಾವು ಕೊಡಬೇಕಾಗಿಲ್ಲ, ಹುಳಿ ತಾನೇ ಹಳಸಿ ತಪ್ಪೊಪ್ಪಿಕೊಳ್ಳುತ್ತದೆ.

ಅಷ್ಟೊಂದು ಬೇಯಿಸುವುದಾದರೂ ಏಕೆ? ಪಾತ್ರೆಯ ತಳ ಕಂಡರೆ ಮನೆಯ ಮರ್ಯಾದೆ ಹೋಯಿತೆಂಬ ಅಳುಕು. ಯಾರಾದರೂ ಬಂದರೆ ಇರಲಿ ಎಂದು ಒಂದು ಹಿಡಿ ಅಕ್ಕಿ ಹೆಚ್ಚಿಗೆ ಬೀಳುತ್ತದೆ. ಫೋನ್ ಮಾಡದೆ ಯಾರೂ ಬಾರದ ಈ ಕಾಲದಲ್ಲಿಯೂ ಬೀಳುತ್ತದೆ. ಹಿಂದೆ ಮನೆಗಳಲ್ಲಿ ಏನನ್ನೂ ಚೆಲ್ಲುತ್ತಿರಲಿಲ್ಲವೆಂದು ನಿಟ್ಟುಸಿರು ಬಿಡುವವರು, ಆ ತಂಗಳನ್ನು ಯಾರು ತಿಂದು ಮುಗಿಸುತ್ತಿದ್ದರೆಂದು ತಮ್ಮ ತಾಯಂದಿರನ್ನು ಕೇಳಲಿ.

ಮದುವೆ ಛತ್ರಗಳನ್ನೂ ಹೋಟೆಲುಗಳನ್ನೂ ಬಿಟ್ಟು ಬಡಪಾಯಿ ಮನೆಗಳನ್ನೇಕೆ ಹಿಡಿದಿರಿ ಎನ್ನುವವರಿದ್ದಾರೆ. ಛತ್ರದ ಎಲೆಗಳು ನನಗೂ ಕಂಡಿವೆ. ಆದರೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನ ಅಂಗಡಿ, ಹೋಟೆಲು ಮತ್ತು ಮನೆಗಳಲ್ಲಿ ವ್ಯರ್ಥವಾದ ಸುಮಾರು 105 ಕೋಟಿ ಟನ್ ಆಹಾರದಲ್ಲಿ ಶೇ 60ರಷ್ಟು ಮನೆಗಳದ್ದೇ. ಭಾರತದ ಮನೆಗಳ ಅಂದಾಜು ತಲೆಗೆ ವರ್ಷಕ್ಕೆ 55 ಕೆ.ಜಿ. ಸಿಪ್ಪೆ, ಮೂಳೆಗಳೂ ಈ ಲೆಕ್ಕದಲ್ಲಿ ಸೇರಿವೆ, ಒಪ್ಪಿದೆ; ಬದನೆಕಾಯಿ ಹುಳಿ ಸಿಪ್ಪೆಯಲ್ಲವಲ್ಲ.

ಉಪಾಯಗಳು ಹೇಳಲು ನಾಚಿಕೆಯಾಗುವಷ್ಟು ಸಣ್ಣವು. ಉಳಿದದ್ದನ್ನು ಒಳಗಿರುವುದು ಕಾಣುವ ಗಾಜಿನ ಡಬ್ಬಿಯಲ್ಲಿ, ಕಣ್ಣಿಗೆ ಬೀಳುವ ಮುಂದಿನ ಸಾಲಿನಲ್ಲಿಡಬೇಕು; ತರಕಾರಿ ಹೆಚ್ಚುವ ಮೊದಲು ಒಮ್ಮೆ ಫ್ರಿಜ್ ತೆರೆದು ನೋಡಬೇಕು. ತಂಗಳು ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಉಪದೇಶಿಸಲು ಹೊರಟವರಿಗೆ ನನ್ನ ವಿನಂತಿ ಇಷ್ಟೇ: ಹಾಗಾದರೆ ಇಂದು ರಾತ್ರಿ ಅರ್ಧ ಪಾವು ಅಕ್ಕಿ ಕಡಿಮೆ ಹಾಕಿ.