ಪ್ಲಾಟ್‌ಫಾರ್ಮ್ ಎಷ್ಟು ಉದ್ದ ಅಂತ ಎಲ್ಲರಿಗೂ ಗೊತ್ತು, ದಾಟಲು ಎಷ್ಟು ಹೊತ್ತು?

ಸರ್ಕಾರಿ ನೌಕರಿಗೆ ಓದುವ ನಮ್ಮ ಭಾಗದ ಮಕ್ಕಳು ಕಷ್ಟಪಡುವುದರಲ್ಲಿ ಯಾರಿಗೂ ಕಮ್ಮಿ ಇಲ್ಲ. ಧಾರವಾಡದ ಸಪ್ತಾಪುರಕ್ಕೆ ಬಂದು ನೋಡಿ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ಬಂದು, ಚಿಕ್ಕ ರೂಮಿನಲ್ಲಿ ಇಬ್ಬರು ಮೂವರು ಸೇರಿಕೊಂಡು ರಾತ್ರಿ ಹಗಲು ಓದುತ್ತಾರೆ. ಆದರೆ ಓದುವ ರೀತಿ ನೋಡಿದರೆ ಸಂಕಟವಾಗುತ್ತದೆ. ಕೈಯಲ್ಲಿ ದಪ್ಪನೆಯ ಪ್ರಶ್ನೋತ್ತರ ಪುಸ್ತಕ. ಒಂದು ಸಾಲಿನ ಪ್ರಶ್ನೆ, ಒಂದು ಪದದ ಉತ್ತರ. ಅಷ್ಟನ್ನೂ ಬಾಯಿಪಾಠ.

ಮೊನ್ನೆ ರೈಲ್ವೆ ಪರೀಕ್ಷೆಗೆ ಓದುತ್ತಿರುವ ಒಬ್ಬ ತಮ್ಮನಿಗೆ ಕೇಳಿದೆ, ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಎಲ್ಲಿದೆ? ಕಣ್ಣು ಮಿಟುಕಿಸದೆ ಹೇಳಿದ: "ಹುಬ್ಬಳ್ಳಿ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣ, 1,507 ಮೀಟರ್, ಉದ್ಘಾಟನೆ 2023 ಮಾರ್ಚ್." ಪೂರ್ತಿ ಸರಿ. ಹಾಗಾದರೆ ಗಂಟೆಗೆ 54 ಕಿ.ಮೀ. ವೇಗದಲ್ಲಿ ಬರುವ 593 ಮೀಟರ್ ಉದ್ದದ ರೈಲು ಆ ಪ್ಲಾಟ್‌ಫಾರ್ಮ್ ದಾಟಲು ಎಷ್ಟು ಹೊತ್ತು ಬೇಕು ಅಂದೆ. "ಅಣ್ಣಾ, ಸೂತ್ರ ಹೇಳ್ರಿ, ಬಾಯಿಪಾಠ ಮಾಡ್ತೀನಿ" ಅಂದ.

ಸೂತ್ರ ಹೇಳಲಿಲ್ಲ. ಹಾಳೆಯ ಮೇಲೆ ರೈಲಿನ ಚಿತ್ರ ಬರೆಸಿದೆ. ಎಂಜಿನ್ ಪ್ಲಾಟ್‌ಫಾರ್ಮಿನ ಈ ತುದಿ ಮುಟ್ಟಿದಾಗ ಲೆಕ್ಕ ಶುರು, ಕೊನೆಯ ಡಬ್ಬಿ ಆ ತುದಿ ಬಿಟ್ಟಾಗ ಮುಗಿಯಿತು. ಅಂದರೆ ರೈಲು ತನ್ನ ಉದ್ದವನ್ನೂ ಕ್ರಮಿಸಬೇಕು. ಒಟ್ಟು 2,100 ಮೀಟರ್. 54 ಕಿ.ಮೀ. ಅಂದರೆ 54,000 ಮೀಟರ್, ಅದನ್ನು ಗಂಟೆಯ 3,600 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ 15 ಮೀಟರ್. ಉತ್ತರ 140 ಸೆಕೆಂಡು. ಅವನ ಮುಖ ಅರಳಿದ್ದು ನೋಡಬೇಕಿತ್ತು. ಪ್ರಶ್ನೆಯನ್ನು ಸೇತುವೆ, ಸುರಂಗ, ಎದುರು ಬರುವ ರೈಲು ಅಂತ ಹೇಗೆ ತಿರುಗಿಸಿ ಕೇಳಿದರೂ ಅವನು ಇನ್ನು ಗಾಬರಿಯಾಗುವುದಿಲ್ಲ.

ಸಾಮಾನ್ಯ ಜ್ಞಾನವೂ ಹೀಗೇ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಶುರುವಾಯಿತು ಅಂತ ಎಲ್ಲರೂ ಓದುತ್ತಾರೆ. ಅದೇ ವರ್ಷ ಯಾಕೆ? 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದಿತ್ತು. ಕಾಯ್ದೆ ಯಾಕೆ ಬಂತು? ರೈತರು ಬಡ್ಡಿ ಸಾಲದಲ್ಲಿ ಮುಳುಗಿದ್ದರು. ಕಾರಣ ಗೊತ್ತಾದರೆ ಎರಡು ಇಸವಿಗಳೂ ತಾವಾಗಿಯೇ ನೆನಪಿರುತ್ತವೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರು, 1943ರಲ್ಲಿ ಹೊಸರಿತ್ತಿಯಲ್ಲಿ ಪ್ರಾಣ ಕೊಟ್ಟವರು. ಹಾವೇರಿಯ ಮಕ್ಕಳಿಗೆ ಉಪ್ಪಿನ ಸತ್ಯಾಗ್ರಹ, ಕ್ವಿಟ್ ಇಂಡಿಯಾ ಎರಡನ್ನೂ ಕಲಿಸಲು ಇದೊಂದು ಬದುಕು ಸಾಕಲ್ವಾ? ಗದಗದ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿತು. ಚಳಿಗಾಲದಲ್ಲಿ ಹೋಗಿ ಪಟ್ಟೆತಲೆಯ ಹೆಬ್ಬಾತುಗಳನ್ನು ಕಣ್ಣಾರೆ ನೋಡಿ ಬಂದವರು ರಾಮ್ಸಾರ್ ಅಂದರೇನು ಅಂತ ಮರೆಯುವುದಿಲ್ಲ.

ಗಣಿತಕ್ಕೆ ಹೆದರುವವರು ದುಬಾರಿ ಪುಸ್ತಕ ಕೊಳ್ಳುವ ಮೊದಲು ಆರರಿಂದ ಹತ್ತನೇ ತರಗತಿಯ ಪಠ್ಯಪುಸ್ತಕ ತೆಗೆಯಿರಿ. ಶೇಕಡಾ, ಅನುಪಾತ, ಸರಾಸರಿ, ಬಡ್ಡಿ ಎಲ್ಲ ಅಲ್ಲೇ ಇದೆ. ಮೊಬೈಲಿನಲ್ಲಿ ಬೇರೆಯವರು ಲೆಕ್ಕ ಬಿಡಿಸುವುದನ್ನು ಸುಮ್ನೆ ನೋಡುತ್ತಾ ಕೂತರೆ ಕಲಿತಂತಲ್ಲ. ಪೆನ್ನು ನಿಮ್ಮ ಕೈಯಲ್ಲಿರಬೇಕು, ಗಡಿಯಾರ ಎದುರಿಗಿರಬೇಕು. ರೈಲ್ವೆಯ ಗುಮಾಸ್ತ, ಸ್ಟೇಷನ್ ಮಾಸ್ತರ್‌ನಂಥ ತಾಂತ್ರಿಕೇತರ ಹುದ್ದೆಗಳಿಗೆ ನಡೆಯುವ ಎನ್‌ಟಿಪಿಸಿ ಪರೀಕ್ಷೆಯ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ. ಒಂದಕ್ಕೆ ಒಂದು ನಿಮಿಷವೂ ಇಲ್ಲ.

ಇನ್ನು ಕಣ್ಣು ಮುಚ್ಚಿ ಗುರುತು ಹಾಕುವ ಚಾಳಿ. ಆ ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ, ತಪ್ಪಿಗೆ ಮೂರನೇ ಒಂದು ಅಂಕ ಕಡಿತ. ಏನೂ ಗೊತ್ತಿಲ್ಲದೆ ನಾಲ್ಕು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಬಂದ ಒಂದು ಅಂಕ ಹಾಗೇ ಹೋಯಿತು. ಆದರೆ ಎರಡು ಆಯ್ಕೆ ಖಂಡಿತ ತಪ್ಪು ಅಂತ ಹೊಡೆದುಹಾಕಲು ಸಾಧ್ಯವಾದರೆ ಲೆಕ್ಕ ನಿಮ್ಮ ಕಡೆ ವಾಲುತ್ತದೆ. ಅಲ್ಲಿ ಧೈರ್ಯವಾಗಿ ಗುರುತು ಹಾಕಿ, ಮಿಕ್ಕವನ್ನು ಖಾಲಿ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ.