ಐದು ವರ್ಷ ಐದು ತಿಂಗಳ ಪ್ರೌಢಿಮೆ

ದಸರಾ ಮುಗಿದು ಬನ್ನಿ ಎಲೆ ಒಣಗುವ ಮೊದಲೇ ಬೆಂಗಳೂರಿನ ವಿದ್ಯುತ್ ಕಂಬಗಳಲ್ಲಿ ‘ಅಡ್ಮಿಷನ್ ಓಪನ್’ ಎಂಬ ಫಲಕಗಳು ತೂಗಲಾರಂಭಿಸುತ್ತವೆ. ಮುಂದಿನ ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಬೇಕಾದ ಮಗು ಇನ್ನೂ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿರುವಾಗಲೇ ಅದರ ಹೆತ್ತವರು ಅರ್ಜಿ ಶುಲ್ಕ ಕಟ್ಟಿ, ಸಂದರ್ಶನದ ದಿನಾಂಕ ಪಡೆದು, ಅಂದು ಯಾವ ಅಂಗಿ ಧರಿಸಿದರೆ ಸುಶಿಕ್ಷಿತರಂತೆ ಕಾಣಬಹುದು ಎಂಬ ಚಿಂತೆಯಲ್ಲಿ ಮುಳುಗಿರುತ್ತಾರೆ. ಇದೇ ಹೊತ್ತಿಗೆ ಸರಿಯಾಗಿ, ಒಂದನೇ ತರಗತಿಗೆ ಸೇರುವ ಮಗುವಿಗೆ ಎಷ್ಟು ವಯಸ್ಸಾಗಿರಬೇಕು ಎಂಬ ಪ್ರಶ್ನೆಯೂ ವರ್ಷಕ್ಕೊಮ್ಮೆ ನಿದ್ದೆಯಿಂದೇಳುತ್ತದೆ.

ಈ ಪ್ರಶ್ನೆಗೆ ನಮ್ಮ ಶಿಕ್ಷಣ ಇಲಾಖೆಯು ನೀಡಿರುವ ಉತ್ತರಗಳ ವೈವಿಧ್ಯವನ್ನು ಮೆಚ್ಚದೆ ಇರಲಾಗದು. 2022ರ ಜುಲೈನಲ್ಲಿ ಹೊರಟ ಆದೇಶದ ಪ್ರಕಾರ ಜೂನ್ 1ಕ್ಕೆ ಸರಿಯಾಗಿ 6 ವರ್ಷ ತುಂಬಿರಲೇಬೇಕಿತ್ತು. ಆಗಲೇ ಎಲ್‌ಕೆಜಿ, ಯುಕೆಜಿಗಳಲ್ಲಿ ಕುಳಿತಿದ್ದ ಮಕ್ಕಳ ಗತಿಯೇನು ಎಂದು ಪೋಷಕರು ಕೇಳಿದಾಗ, ಅದೇ ವರ್ಷದ ನವೆಂಬರ್‌ನಲ್ಲಿ, ನಿಯಮವನ್ನು 2025–26ನೇ ಸಾಲಿಗೆ ಮುಂದೂಡಲಾಯಿತು. ಹೀಗೆ ಸಿಕ್ಕಿದ ಸುಮಾರು ಮೂರು ವರ್ಷಗಳಲ್ಲಿ ನರ್ಸರಿಯ ಬಾಗಿಲಲ್ಲೇ ವಯಸ್ಸು ನೋಡಿ ಮಕ್ಕಳನ್ನು ಸೇರಿಸಿಕೊಂಡಿದ್ದರೆ ಸಮಸ್ಯೆಯೇ ಉಳಿಯುತ್ತಿರಲಿಲ್ಲ. ಆದರೆ ಸಮಸ್ಯೆಯೇ ಇಲ್ಲದ ಇಲಾಖೆಯನ್ನು ಯಾರು ಗೌರವಿಸುತ್ತಾರೆ? 2025ರ ಏಪ್ರಿಲ್‌ನಲ್ಲಿ, ಅಂದರೆ ಶಾಲೆ ತೆರೆಯಲು ಆರು ವಾರಗಳಷ್ಟೇ ಉಳಿದಿದ್ದಾಗ, ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ವಿನಾಯಿತಿ ಘೋಷಿಸಿದರು. ಯುಕೆಜಿ ಮುಗಿಸಿದ ಮಗುವಿಗೆ ಜೂನ್ 1ಕ್ಕೆ 5 ವರ್ಷ 5 ತಿಂಗಳಾಗಿದ್ದರೆ ಸಾಕಿತ್ತು, ಆದರೆ ಅದು ಆ ಒಂದು ವರ್ಷಕ್ಕೆ ಮಾತ್ರ.

ಇದನ್ನು ಲೆಕ್ಕ ಹಾಕಿ ನೋಡಿದರೆ, 2020ರ ಜನವರಿ 1ರ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಹುಟ್ಟಿದ ಮಗುವಿಗೆ ಮಗ್ಗಿ ಕಲಿಯುವ ಪ್ರೌಢಿಮೆ ಬಂದಿತ್ತು; ಅದೇ ಹೆರಿಗೆ ವಾರ್ಡಿನ ಪಕ್ಕದ ಹಾಸಿಗೆಯಲ್ಲಿ ಅರ್ಧ ಗಂಟೆ ತಡವಾಗಿ ಅತ್ತ ಮಗುವಿಗೆ ಇನ್ನೊಂದು ವರ್ಷ ಬಣ್ಣ ಬಳಿಯುವ ಅವಶ್ಯಕತೆಯಿತ್ತು. ಎಲ್ಲೋ ಒಂದು ಗೆರೆ ಎಳೆಯಲೇಬೇಕಲ್ಲ ಎಂದು ಅಧಿಕಾರಿಗಳು ಹೇಳಬಹುದು, ಅದು ನಿಜವೂ ಹೌದು. ಆದರೆ ಎಳೆದ ಗೆರೆಯನ್ನು ಪ್ರತಿವರ್ಷ ಬೇಸಿಗೆ ರಜೆಯಲ್ಲಿ ಅಳಿಸಿ ಮತ್ತೆ ಎಳೆಯುವುದಕ್ಕೆ ಮಕ್ಕಳ ಮನೋವಿಜ್ಞಾನದ ಯಾವ ಅಧ್ಯಾಯದಲ್ಲಿ ಸಮರ್ಥನೆ ಇದೆಯೋ ನಾನರಿಯೆ.

ಹಳೆಯ ಕಾಲದ ಮುಖ್ಯೋಪಾಧ್ಯಾಯರಿಗೆ ಈ ತಾಪತ್ರಯವೇ ಇರಲಿಲ್ಲ. ಹಳ್ಳಿಯ ಶಾಲೆಯಲ್ಲಿ ಮಗುವನ್ನು ಎದುರಿಗೆ ನಿಲ್ಲಿಸಿ, ಬಲಗೈಯನ್ನು ನೆತ್ತಿಯ ಮೇಲಿನಿಂದ ತಂದು ಎಡಗಿವಿಯನ್ನು ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಹಾಜರಿ ಪುಸ್ತಕದಲ್ಲಿ ಹೆಸರು, ಮುಟ್ಟದಿದ್ದರೆ ಮುಂದಿನ ವರ್ಷ. ಅರ್ಜಿ ಶುಲ್ಕವಿಲ್ಲ, ಸಂದರ್ಶನವಿಲ್ಲ, ಪೋಷಕರ ಆದಾಯದ ವಿವರವಿಲ್ಲ. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಹುಟ್ಟಿದ ದಿನವನ್ನು ಮಾಸ್ತರರೇ ದಯಪಾಲಿಸುತ್ತಿದ್ದರು. ‘ದೊಡ್ಡ ಮಳೆ ಬಂದ ವರ್ಷ, ಕಾಳವ್ವನ ಜಾತ್ರೆಯಾದ ಮೇಲೆ ಹುಟ್ಟಿದ್ದು ಸ್ವಾಮಿ’ ಎಂದು ತಾಯಿ ಹೇಳಿದ ಮಾತನ್ನು ಅವರು ಗಂಭೀರವಾಗಿ ಕೇಳಿಸಿಕೊಂಡು, ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು. ನಮ್ಮ ನಾಡಿನಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ 1ರಂದೇ ಅವತರಿಸಿದ್ದು ಹೀಗೆ. ಸರ್ಕಾರಿ ಕಚೇರಿಗಳಲ್ಲಿ ಪ್ರತಿ ಮೇ 31ರಂದು ಹಾರ, ಶಾಲು, ಹಣ್ಣಿನ ಬುಟ್ಟಿಗಳ ಬೀಳ್ಕೊಡುಗೆ ಸಾಲುಗಟ್ಟುವುದೂ ಇದರಿಂದಲೇ. ಆ ಮಾಸ್ತರರು ಮಗುವಿಗಾಗಿ ದಿನಾಂಕವನ್ನು ಬಗ್ಗಿಸಿದರು. ಇಂದು ಡಿಜಿಟಲ್ ಪ್ರಮಾಣಪತ್ರದಲ್ಲಿ ಅಚ್ಚಾಗಿರುವ ದಿನಾಂಕಕ್ಕೆ ಮಗುವೇ ಬಗ್ಗಬೇಕು.

ಇನ್ನು ಸಂದರ್ಶನದ ವಿಷಯಕ್ಕೆ ಬರೋಣ. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಸಂದರ್ಶಿಸಿ ಜರಡಿ ಹಿಡಿಯುವುದನ್ನು ನಿಷೇಧಿಸಿದೆ, ತಪ್ಪಿದರೆ ಮೊದಲ ಬಾರಿಗೆ 25 ಸಾವಿರ ರೂಪಾಯಿಯವರೆಗೆ ದಂಡವನ್ನೂ ವಿಧಿಸಿದೆ. ಆದರೆ ಆ ಕಾಯ್ದೆಯ ಕಣ್ಣಿಗೆ ‘ಮಗು’ ಎಂದರೆ 6ರಿಂದ 14 ವರ್ಷದವರೆಗಿನದು. ಅದಕ್ಕಿಂತ ಚಿಕ್ಕದನ್ನು ಕಾಯ್ದೆ ಕಾಣಲಾರದು. ದೆಹಲಿ ಹೈಕೋರ್ಟ್ 2013ರಲ್ಲಿ ಇದನ್ನೇ ಹೇಳಿತು: ದುರ್ಬಲ ವರ್ಗದ ಮಕ್ಕಳಿಗೆಂದಿರುವ ಶೇ 25ರ ಮೀಸಲು ಸೀಟುಗಳನ್ನು ಹೊರತುಪಡಿಸಿದರೆ ನರ್ಸರಿ ಪ್ರವೇಶಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಬೇಕಿದ್ದರೆ ಸರ್ಕಾರ ಕಾಯ್ದೆಯನ್ನು ತಿದ್ದಲಿ ಎಂದು. ಹೀಗಾಗಿ ಆರು ವರ್ಷದ ಮಗುವನ್ನು ಪರೀಕ್ಷಿಸುವುದು ಅಪರಾಧ, ಮೂರೂವರೆ ವರ್ಷದ ಮಗುವನ್ನು ಪರೀಕ್ಷಿಸುವುದು ಶಾಲೆಯ ಸಂಪ್ರದಾಯ. ಎಷ್ಟು ಎಳೆಯದನ್ನು ಹಿಡಿದರೆ ಅಷ್ಟು ಸುರಕ್ಷಿತ ಎಂಬ ಈ ತತ್ವವನ್ನು ಶಾಲಾ ಮಾಲೀಕರು ನ್ಯಾಯಶಾಸ್ತ್ರಜ್ಞರಿಗಿಂತ ಮೊದಲೇ ಅರಿತಿದ್ದರು.

ಅಂಥ ಸಂದರ್ಶನದಲ್ಲಿ ಮಗು ಬಾಳೆಹಣ್ಣಿನ ಚಿತ್ರವನ್ನು ನೋಡಿ ‘ಬಾಳೆಹಣ್ಣು’ ಎಂದರೆ ಎದುರಿಗೆ ಕುಳಿತವರು ಮುಗುಳ್ನಕ್ಕು, ಮನೆಯಲ್ಲಿ ಇನ್ನು ಸ್ವಲ್ಪ ಇಂಗ್ಲಿಷಿನಲ್ಲಿ ಮಾತನಾಡಿಸಿ ಎಂದು ಹೆತ್ತವರಿಗೆ ಸಲಹೆ ನೀಡುತ್ತಾರೆ. ಕುಟುಂಬದ ಸಹಭಾಗಿತ್ವ ಎಂದು ಅವರ ಕೈಪಿಡಿಯಲ್ಲಿ ಅಚ್ಚಾಗಿರುವುದು ಇದಕ್ಕೇ. ಅಂದಿನಿಂದ ಅಜ್ಜಿ ಕಥೆ ಹೇಳುವುದು ನಿಲ್ಲುತ್ತದೆ. ಕಥೆ ಹೇಳಲು ಆಕೆಗೆ ಇಂಗ್ಲಿಷ್ ಬಾರದು, ಇಂಗ್ಲಿಷ್ ಬರುವ ಅಪ್ಪ ಅಮ್ಮಂದಿರಿಗೆ ಕಥೆ ಬಾರದು. ಅಪ್ಪನಿಗೆ ತಿಂಗಳ ಕಂತು ಕಟ್ಟುವುದೇ ಸಹಭಾಗಿತ್ವ. ಅಮ್ಮನಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿ ಹತ್ತಕ್ಕೆ ಬಂದ ಸಂದೇಶ ನೋಡಿ, ಬೆಳಗಾಗುವುದರೊಳಗೆ ಥರ್ಮಾಕೋಲಿನಲ್ಲಿ ಜಲಚಕ್ರವನ್ನು ನಿರ್ಮಿಸಿಕೊಡುವುದು.

ಮಿದುಳಿನ ಒಟ್ಟು ಬೆಳವಣಿಗೆಯಲ್ಲಿ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗಿಬಿಡುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ್ದೇ ತಡ, ಆ ಅಂಕಿ ಎಲ್ಲ ಖಾಸಗಿ ನರ್ಸರಿಗಳ ಕರಪತ್ರದಲ್ಲಿ ಕುಂಕುಮದಂತೆ ರಾರಾಜಿಸತೊಡಗಿತು. ಆ ನೀತಿ ಇದೇ ವಾದದಿಂದ ಮಕ್ಕಳಿಗೆ ಆಟ, ಮಾತು, ಹಾಡು, ಒಳ್ಳೆಯ ಆಹಾರ ಸಿಗಬೇಕೆಂದು ಹೇಳಿತ್ತು. ನರ್ಸರಿಗಳು ಕರ್ಸಿವ್ ಬರವಣಿಗೆ ಮತ್ತು ಕೋಡಿಂಗ್ ಎಂದು ಅರ್ಥೈಸಿಕೊಂಡವು. ಇಷ್ಟೆಲ್ಲ ಕಲಿತ ಮಗುವಿಗೆ ಮಾರ್ಚ್ ತಿಂಗಳ ಸುಡುಬಿಸಿಲಿನಲ್ಲಿ ಕಪ್ಪು ನಿಲುವಂಗಿ ತೊಡಿಸಿ, ಚೌಕದ ಟೋಪಿ ಇಟ್ಟು, ಯುಕೆಜಿ ಘಟಿಕೋತ್ಸವ ನಡೆಸುತ್ತಾರೆ. ಪದವೀಧರನಾದ ಆ ಮಗು ಏಪ್ರಿಲ್‌ನಲ್ಲಿ ಇಲಾಖೆಯ ಕಣ್ಣಿಗೆ ಮತ್ತೆ ಅಪ್ರಾಪ್ತನಾಗುತ್ತದೆ. ಆರು ವರ್ಷದ ನಂತರ ಬೆಳೆಯಬೇಕಾದ ಶೇ 15ರಷ್ಟು ಮಿದುಳು ಆದೇಶ ಹೊರಡಿಸುವವರಲ್ಲಿ ಯಾವಾಗ ಬೆಳೆಯುತ್ತದೆ ಎಂಬುದನ್ನು ಮಾತ್ರ ಯಾವ ನೀತಿಯೂ ಹೇಳಿಲ್ಲ.

ಸರ್ಕಾರಗಳು ಪುಟ್ಟ ಮಕ್ಕಳ ವಿಷಯದಲ್ಲಿ ಗೊಂದಲಕ್ಕೊಳಗಾಗುವುದು ನಮ್ಮಲ್ಲಿ ಮಾತ್ರ ಎಂದು ಕೀಳರಿಮೆ ಪಡಬೇಕಾಗಿಲ್ಲ. ಕಿಂಡರ್‌ಗಾರ್ಟನ್ನಿನ ಜನಕನಾದ ಫ್ರೀಡ್ರಿಕ್ ಫ್ರೋಬೆಲ್ ಜರ್ಮನಿಯಲ್ಲಿ ಮರದ ಚೆಂಡು, ಘನಾಕೃತಿಗಳನ್ನಿಟ್ಟುಕೊಂಡು ಮಕ್ಕಳನ್ನು ಆಡಿಸುತ್ತಿದ್ದಾಗ, 1851ರಲ್ಲಿ ಪ್ರಷ್ಯಾದ ಸರ್ಕಾರ ಕಿಂಡರ್‌ಗಾರ್ಟನ್ನುಗಳನ್ನೇ ನಿಷೇಧಿಸಿತು, ಅವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಹರಡುತ್ತವೆ ಎಂಬ ಕಾರಣಕ್ಕೆ. ವಾಸ್ತವದಲ್ಲಿ ಅಂಥ ವಿಚಾರಗಳನ್ನು ಬರೆದಿದ್ದವನು ಫ್ರೋಬೆಲ್‌ನ ಅಣ್ಣನ ಮಗ ಕಾರ್ಲ್. ಅಧಿಕಾರಿಗಳು ಚಿಕ್ಕಪ್ಪನನ್ನೂ ಅಣ್ಣನ ಮಗನನ್ನೂ ಒಬ್ಬನೇ ಎಂದು ತಿಳಿದಿದ್ದರು. ತಪ್ಪನ್ನು ತೋರಿಸಿಕೊಟ್ಟ ಮೇಲೂ ನಿಷೇಧ ತೆರವಾಗಲು 1860 ಬರಬೇಕಾಯಿತು, ಅಷ್ಟರಲ್ಲಿ ಫ್ರೋಬೆಲ್ ತೀರಿಕೊಂಡು ಎಂಟು ವರ್ಷಗಳಾಗಿದ್ದವು. ನಮ್ಮ ಕಡತಗಳು ಇದಕ್ಕಿಂತ ವೇಗವಾಗಿ ಚಲಿಸುತ್ತವೆ. ಮೂರು ವರ್ಷದಲ್ಲಿ ಹೊರಟಲ್ಲಿಗೇ ಬಂದು ಸೇರುತ್ತವೆ.

ನಮ್ಮಲ್ಲಿರುವುದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಪರಿಸ್ಥಿತಿ. ಕೇಂದ್ರದ ನೀತಿ ಒಂದನೇ ತರಗತಿಗೆ ಮೊದಲು ಮೂರು ವರ್ಷಗಳ ಕಲಿಕೆ ಬೇಕೆನ್ನುತ್ತದೆ. ರಾಜ್ಯದ್ದೇ ಶಿಕ್ಷಣ ನೀತಿಯನ್ನು ರೂಪಿಸಲು ರಾಜ್ಯ ಸರ್ಕಾರ ನೇಮಿಸಿದ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ನೀಡಿದ ವರದಿಯಲ್ಲಿ ಎರಡು ವರ್ಷ ಸಾಕೆಂದಿತು. ಇತ್ತ ರಾಜ್ಯದೊಳಗೇ ಶಿಕ್ಷಣ ಇಲಾಖೆ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ, ಹಾಗಾದರೆ ನಮ್ಮಲ್ಲಿಗೆ ಬರುವ ಮಕ್ಕಳು ಯಾರು ಎಂದು ಅಂಗನವಾಡಿ ಕಾರ್ಯಕರ್ತೆಯರು 2024ರ ಜೂನ್‌ನಲ್ಲಿ ಬೀದಿಗಿಳಿದರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾಗಿತ್ತು. ಅದು ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ಆರಂಭಿಸಿ, ಅವನ್ನು ಸರ್ಕಾರಿ ಮಾಂಟೆಸ್ಸರಿ ಎಂದು ಕರೆಯಿತು. ಮರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಶಿಶುಮಂದಿರವನ್ನು ತೆರೆದದ್ದು ರೋಮ್ ನಗರದ ಬಡ ಕೂಲಿಕಾರರ ವಠಾರದಲ್ಲಿ. ಆ ಹೆಸರು ನಮ್ಮಲ್ಲಿ ನೂರು ವರ್ಷ ಶ್ರೀಮಂತರ ಬಡಾವಣೆಗಳನ್ನು ಸುತ್ತಿ ಬಂದು ಕಡೆಗೆ ಬಡವರ ಕೇರಿಗೆ ಕಾಲಿಟ್ಟಿದ್ದಕ್ಕೆ ಸಂತೋಷಪಡಬೇಕು. ಫಲಕದ ಜೊತೆಗೆ ಒಬ್ಬ ಹೆಚ್ಚುವರಿ ಶಿಕ್ಷಕಿಯೂ ಪ್ರತಿ ಕೇಂದ್ರಕ್ಕೆ ಬಂದಿದ್ದರೆ ಸಂತೋಷ ಇಮ್ಮಡಿಯಾಗುತ್ತಿತ್ತು.

ಏಕೆಂದರೆ ಅಲ್ಲಿ ಕಲಿಸಬೇಕಾದವಳ ದಿನಚರಿಯನ್ನು ಯಾರಾದರೂ ನೋಡಿದ್ದಾರೆಯೇ? ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ದೇಶದಲ್ಲಿ ಆಯ್ದ 33 ಕಡೆಗಳಲ್ಲಿ ನಮ್ಮ ತಿ. ನರಸೀಪುರವೂ ಒಂದಾಗಿತ್ತು. ಐವತ್ತು ವರ್ಷಗಳಲ್ಲಿ ಆಕೆಯ ಹೆಗಲಿಗೆ ಬಿದ್ದ ಕೆಲಸಗಳು: ಮಕ್ಕಳ ತೂಕ, ಗರ್ಭಿಣಿಯರ ಊಟ, ಲಸಿಕೆ, ಭಾಗ್ಯಲಕ್ಷ್ಮಿ ಅರ್ಜಿ, ಮತದಾರರ ಪಟ್ಟಿ, ಯಾರಿಗೂ ಬೇಡವಾದ ಪ್ರತಿಯೊಂದು ಸಮೀಕ್ಷೆ. ಇವೆಲ್ಲದರ ನಡುವೆ ದಿನಕ್ಕೆ ಕನಿಷ್ಠ ಎರಡು ಗಂಟೆ ಗುಣಮಟ್ಟದ ಶಾಲಾಪೂರ್ವ ಶಿಕ್ಷಣ ನೀಡಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ‘ಪೋಷಣ್ ಭೀ ಪಢಾಯಿ ಭೀ’ ಎಂಬ ಪ್ರಾಸಬದ್ಧ ಯೋಜನೆಯನ್ನು ಪ್ರಕಟಿಸಿತು. ಎರಡು ಗಂಟೆಗಳನ್ನು ಎಲ್ಲಿಂದ ತರಬೇಕೆಂದು ಪ್ರಾಸದಲ್ಲಿ ಹೇಳಿರಲಿಲ್ಲ. 2025ರ ಜುಲೈನಿಂದ ಬಾಣಂತಿಯರಿಗೂ ಮೂರು ವರ್ಷದೊಳಗಿನ ಮಕ್ಕಳಿಗೂ ಮನೆಗೆ ಒಯ್ಯುವ ಆಹಾರ ಕೊಡುವ ಮುನ್ನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಹೊಂದಿಸಿ ನೋಡಬೇಕು. ನೆಟ್‌ವರ್ಕ್ ಸಿಗದ ಊರಿನಲ್ಲಿ ಆಕೆ ಫೋನನ್ನು ಮೇಲಕ್ಕೆತ್ತಿ ಹೊಲದ ಬದುವಿನಲ್ಲಿ ನಡೆಯುತ್ತಿರುವಾಗ, ಕೋಣೆಯಲ್ಲಿ ಇಪ್ಪತ್ತು ಮಕ್ಕಳನ್ನು ಸಹಾಯಕಿಯೊಬ್ಬಳು ಒಲೆಯ ಮೇಲಿನ ಸಾರಿನ ಕಡೆಗೆ ಒಂದು ಕಣ್ಣಿಟ್ಟು ‘ಶಾಲೆಗೆ ಸಿದ್ಧಗೊಳಿಸುತ್ತಿರುತ್ತಾಳೆ’.

ಇಲ್ಲಿ ವಿಡಂಬನೆ ನನಗೆ ಕೈಕೊಡುತ್ತದೆ. ಅಂಗನವಾಡಿಯ ಮಗುವೊಂದರ ಪೂರಕ ಆಹಾರಕ್ಕೆ ಕೇಂದ್ರ 2017ರಲ್ಲಿ ನಿಗದಿಪಡಿಸಿದ ದರ ದಿನಕ್ಕೆ 8 ರೂಪಾಯಿ, ವರ್ಷಕ್ಕೆ 300 ದಿನ. ಒಟ್ಟು 2,400 ರೂಪಾಯಿ. ಹಾಲು, ಮೊಟ್ಟೆಗೆ ರಾಜ್ಯ ಬೇರೆ ಹಣ ಕೊಡುತ್ತದೆ ಎಂಬುದನ್ನು ಮರೆಮಾಚುವುದಿಲ್ಲ. ಆದರೂ ಬೆಂಗಳೂರಿನಲ್ಲಿ ಲಕ್ಷ ರೂಪಾಯಿ ದಾಟಿದ ಎಲ್‌ಕೆಜಿ ಶುಲ್ಕವನ್ನು ಕಟ್ಟುವ ನಾವು ಮಗು ಸಿದ್ಧವಾಗಿದೆಯೇ, ಐದೂವರೆಯೇ, ಆರೇ ಎಂದು ಟಿವಿಯಲ್ಲಿ ವಾದಿಸುತ್ತಿದ್ದೇವೆ. ಆ ಎಂಟು ರೂಪಾಯಿಯ ಬಗ್ಗೆ ಒಂದು ಸಂಜೆಯ ಚರ್ಚೆಯನ್ನೂ ನಾನು ನೋಡಿಲ್ಲ. ಸಂವಿಧಾನದ 45ನೇ ವಿಧಿಯ ಪ್ರಕಾರ ಆರು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಆರೈಕೆ ಮತ್ತು ಶಿಕ್ಷಣ ಒದಗಿಸಲು ರಾಜ್ಯವು ‘ಪ್ರಯತ್ನಿಸತಕ್ಕದ್ದು’. 2002ರ ತಿದ್ದುಪಡಿಯ ನಂತರ ಅದು ಪ್ರಯತ್ನಿಸುತ್ತಲೇ ಇದೆ. ಆಗ ಹುಟ್ಟಿದ ಮಕ್ಕಳು ಈಗ ತಮ್ಮ ಮಕ್ಕಳಿಗೆ ಎಲ್‌ಕೆಜಿ ಹುಡುಕುವ ವಯಸ್ಸಿಗೆ ಬಂದಿದ್ದಾರೆ.

2023ರ ಜನವರಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನ ಚಳಿಯಲ್ಲಿ ಹಗಲಿರುಳು ಕುಳಿತು, ನಮ್ಮನ್ನು ಶಿಕ್ಷಕಿಯರೆಂದು ಪರಿಗಣಿಸಿ, ಗ್ರಾಚ್ಯುಟಿ ಕೊಡಿ ಎಂದು ಕೇಳಿದರು. ಗ್ರಾಚ್ಯುಟಿಗೆ ಅವರು ಅರ್ಹರೆಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿಯಾಗಿತ್ತು. ಕೇಂದ್ರ ಸರ್ಕಾರದ ದೃಷ್ಟಿಯಲ್ಲಿ ಅವರು ಇಂದಿಗೂ ಗೌರವ ಕಾರ್ಯಕರ್ತೆಯರು; ಅದು ಗೌರವಧನವನ್ನು ತಿಂಗಳಿಗೆ 4,500 ರೂಪಾಯಿಗೆ ಏರಿಸಿದ್ದು 2018ರಲ್ಲಿ, ಉಳಿದದ್ದನ್ನು ರಾಜ್ಯ ತುಂಬಬೇಕು. ರಾಜ್ಯವೂ ತುಂಬುತ್ತಿದೆ: 2025ರ ಬಜೆಟ್‌ನಲ್ಲಿ ತಿಂಗಳಿಗೆ ಒಂದು ಸಾವಿರ ಹೆಚ್ಚಿಸುವುದಾಗಿ ಘೋಷಿಸಿತು. ನಗರದ ಸಾಧಾರಣ ನರ್ಸರಿಯೊಂದು ನಿಲುವಂಗಿ, ಟೋಪಿ ಮತ್ತು ಫೋಟೊ ಸೇರಿಸಿ ಒಂದು ಮಗುವಿನ ಘಟಿಕೋತ್ಸವಕ್ಕೆ ಸಂಗ್ರಹಿಸುವ ಹಣವೂ ಹೆಚ್ಚುಕಡಿಮೆ ಅಷ್ಟೇ.