ಕೌದಿಗೂ ಬಾರದ ಬಟ್ಟೆ

ಹೋದ ದಸರೆಗೆ ಮನೆ ಸ್ವಚ್ಛ ಮಾಡುವಾಗ ಕಪಾಟಿನಲ್ಲಿದ್ದ ಹಳೆ ಕುರ್ತಾಗಳನ್ನೆಲ್ಲ ಅವ್ವನ ಮುಂದೆ ಹಾಕಿ, ಕೌದಿ ಹೊಲಿ ಅಂದೆ. ಅವ್ವ ಒಂದೊಂದನ್ನೇ ಬೆರಳಲ್ಲಿ ತಿಕ್ಕಿ ನೋಡಿ ಬದಿಗಿಟ್ಟಳು. "ಇವು ಕೌದಿಗೂ ಬರಂಗಿಲ್ಲವಾ. ಹೊಲಿಯಾಕ ಹೋದ್ರ ಜಾರತಾವ, ಹೊದ್ದರ ಬೆವರು ಹೀರಂಗಿಲ್ಲ."

ಒಟ್ಟು ಹನ್ನೊಂದು. ಎಲ್ಲಾ ಪಾಲಿಯೆಸ್ಟರ್, ರಾತ್ರಿ ಫೋನ್‌ನಲ್ಲಿ ಆಫರ್ ನೋಡಿ ತರಿಸಿದ್ದು. ಒಂದಕ್ಕೆ 400 ರೂಪಾಯಿ ಅಂದರೆ ಅಗ್ಗ ಅನಿಸುತ್ತಿತ್ತು. ಆದರೆ ಐದು ಸಲ ಹಾಕುವಷ್ಟರಲ್ಲಿ ಬಗಲಲ್ಲಿ ಹೊಲಿಗೆ ಬಿಚ್ಚುತ್ತಿತ್ತು. ಅಂದರೆ ಒಂದು ಸಲ ಹಾಕಿದ್ದಕ್ಕೆ 80 ರೂಪಾಯಿ!

ಅವ್ವನ ಟ್ರಂಕಿನಲ್ಲಿ ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆ ಇದೆ. ಸಣ್ಣ ಚೌಕಡಿ, ಅಗಲ ಅಂಚು, ಗಟ್ಟಿ ನೂಲು. ಎರಡೂ ಮಗ್ಗಲು ಒಂದೇ ಥರ, ತಿರುಗಿಸಿ ಉಟ್ಟರೂ ನಡೆಯುತ್ತದೆ. ಇಂಥದಕ್ಕೆ ಎರಡು ಸಾವಿರ ಕೊಟ್ಟರೂ, ನೂರು ಸಲ ಉಟ್ಟರೆ ಒಂದು ಸಲಕ್ಕೆ 20 ರೂಪಾಯಿ. ಆಮೇಲೂ ಅದು ಕೌದಿಯಾಗುತ್ತದೆ. ಈ ಲೆಕ್ಕ ನಮ್ಮ ಅವ್ವಂದಿರಿಗೆ ಮೊದಲೇ ಗೊತ್ತಿತ್ತು ಅಲ್ವಾ?

ಅವತ್ತಿನಿಂದ ಆನ್‌ಲೈನ್ ಬಟ್ಟೆ ಬಂದ್. ಗಾಂಧಿ ಜಯಂತಿ ರಿಯಾಯಿತಿಯಲ್ಲಿ ಖಾದಿ ಪೀಸ್ ಎರಡು ತಂದೆ. ರಾಷ್ಟ್ರಧ್ವಜ ತಯಾರಿಸುವ ಬೆಂಗೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದ್ದೂ ನಾನು ಖಾದಿ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಓಣಿಯ ಟೇಲರ್‌ಗೆ ಒಳಗೆ ಎರಡು ಇಂಚು ಬಟ್ಟೆ ಬಿಡಿ ಅಂದೆ. ಮೈ ಬಂದರೆ ಬಿಚ್ಚಿ ಹಿಗ್ಗಿಸಬಹುದು. ರೆಡಿಮೇಡ್‌ನಲ್ಲಿ ಅಷ್ಟು ಜಾಗವೇ ಇರುವುದಿಲ್ಲ.

ಈಗ ಗಳಿಕೆಯ ಮಾತು. ಕಾಲೇಜಿನಲ್ಲಿದ್ದಾಗ ಕಲಿತು ಬಿಟ್ಟಿದ್ದ ಕಸೂತಿ ಮತ್ತೆ ಹಿಡಿದೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ, ನಾಲ್ಕೂ ಹೊಲಿಗೆಗೆ ಬಟ್ಟೆಯ ಎಳೆ ಎಣಿಸಬೇಕು. ಪೆನ್ಸಿಲ್‌ನಲ್ಲಿ ಗೀಚಿಕೊಳ್ಳುವ ಹಾಗಿಲ್ಲ. ಗವಂತಿಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತೀರಿ, ಹಾಗಾಗಿ ಹಿಂದೆ ಮುಂದೆ ಒಂದೇ ಚಿತ್ರ. ಒಂದು ಎಳೆ ತಪ್ಪಿದರೆ ತೇರಿನ ಕಳಸ ವಾರೆಯಾಗುತ್ತದೆ, ಮತ್ತೆ ಬಿಚ್ಚಬೇಕು. ಗೆಳತಿಯರ ಹಳೆ ಸಾದಾ ಕುಬಸಗಳಿಗೆ ತೇರು, ಗೋಪುರ ಹಾಕಿಕೊಟ್ಟೆ. ಸುಮ್ನೆ ಮೂಲೆಯಲ್ಲಿ ಬಿದ್ದಿದ್ದವು ಹಬ್ಬಕ್ಕೆ ಹೊರಗೆ ಬಂದವು. ತಿಂಗಳಿಗೆ ಎರಡು ಸಾವಿರದವರೆಗೆ ಸಿಗುತ್ತದೆ. ದೊಡ್ಡ ಹಣ ಅಲ್ಲ, ಆದರೆ ನನ್ನದು.

ಬೇಜಾರಿನ ಮಾತೂ ಹೇಳಬೇಕು. ಫೋನ್‌ನಲ್ಲಿ ಕಂಡ ರೇಟನ್ನು ಮರುಮಾತಿಲ್ಲದೆ ಕೊಡುವವರು, ಹದಿನೈದು ದಿನ ಕೂತು ಅವ್ವ ಹೊಲಿದ ಕೌದಿಗೆ 1,500 ಕೇಳಿದರೆ ಚೌಕಾಸಿ ಮಾಡುತ್ತಾರೆ. ದಿನಕ್ಕೆ ನೂರು ರೂಪಾಯಿ ಆಯಿತು ಅಷ್ಟೇ. ನನ್ನ ಪ್ರಕಾರ ಅದೂ ಕಡಿಮೆಯೇ. ಈ ವರ್ಷದಿಂದ ರೇಟು ಜಾಸ್ತಿ ಮಾಡಿಸಿದ್ದೇನೆ.

ಸದ್ಯ ಪಡಸಾಲೆಯಲ್ಲಿ ಪಕ್ಕದ ಮನೆಯ ಅಕ್ಕನ ಐದು ನೂಲಿನ ಸೀರೆ ಹರವಿವೆ. ತೀರಿಹೋದ ಅವರ ಅವ್ವ ಉಡುತ್ತಿದ್ದವು. ಎಲ್ಲಕ್ಕಿಂತ ಮೆತ್ತಗಿರುವುದನ್ನು ಅವ್ವ ಒಳಮಗ್ಗಲಿಗೆ ಹಾಕಿದ್ದಾಳೆ, ಮೈಗೆ ತಾಗುವ ಕಡೆ.